ಆಡುವವರ ಕೈಯಲ್ಲಿ ತಾಳ

ವಿಡಿಯೊ ಗೇಮ್‌ಗಳಿಗೆ ಸಂಗೀತ ಮಾಡುವುದು ನನ್ನ ವೃತ್ತಿ. ಈ ಸಂಗೀತವೂ ಕಲೆಯೇ ಎಂದು ವಾದಿಸುವವರು ಸಾಮಾನ್ಯವಾಗಿ ಎರಡು ಪುರಾವೆ ಮುಂದಿಡುತ್ತಾರೆ: ಆರ್ಕೆಸ್ಟ್ರಾಗಳು ಇದನ್ನು ನುಡಿಸುತ್ತವೆ, ಇದಕ್ಕೆ ಗ್ರ್ಯಾಮಿಯೂ ಬಂದಿದೆ. ಎರಡೂ ನಿಜ. ಕೊಯಿಚಿ ಸುಗಿಯಾಮ ಅವರ 'ಡ್ರ್ಯಾಗನ್ ಕ್ವೆಸ್ಟ್' ಸಂಗೀತ 1987ರಲ್ಲೇ ಟೋಕಿಯೊದ ವೇದಿಕೆ ಏರಿತು. 'ಸಿವಿಲೈಸೇಶನ್ 4'ಕ್ಕೆ ಕ್ರಿಸ್ಟೊಫರ್ ಟಿನ್ ಮಾಡಿದ 'ಬಾಬಾ ಯೇಟು' 2011ರಲ್ಲಿ ಗ್ರ್ಯಾಮಿ ಗೆದ್ದಿತು. ಆದರೆ ಇವುಗಳಿಂದ ಸಾಬೀತಾಗುವುದು ಇಷ್ಟೇ: ಗೇಮ್ ಸಂಗೀತ ಸಿನಿಮಾ ಸಂಗೀತದಷ್ಟು ಚೆನ್ನಾಗಿರಬಲ್ಲದು. ಅದರ ಸ್ವಂತ ಕಲೆ ಇರುವುದು ಬೇರೆ ಕಡೆ ಎಂದು ನಾನು ನಂಬಿದ್ದೇನೆ. ಸಿನಿಮಾದವರಿಗೆ ಎದುರಾಗದ ಒಂದು ಕಷ್ಟವನ್ನು ಅದು ಹೇಗೆ ಬಿಡಿಸುತ್ತದೆ ಎಂಬುದರಲ್ಲಿ.

ಸಿನಿಮಾದ ದೃಶ್ಯ ಎಷ್ಟು ಸೆಕೆಂಡಿನದು ಎಂಬುದು ಸಂಗೀತ ಕೂಡಿಸುವವರಿಗೆ ಮೊದಲೇ ಗೊತ್ತಿರುತ್ತದೆ. ಗೇಮ್‌ನಲ್ಲಿ ಹಾಗಲ್ಲ. ಒಬ್ಬರು ಸೇತುವೆಯನ್ನು ಹತ್ತು ಸೆಕೆಂಡಿನಲ್ಲಿ ದಾಟುತ್ತಾರೆ, ಇನ್ನೊಬ್ಬರು ಅದರ ಮೇಲೇ ನಿಂತು ಹೊಳೆ ನೋಡುತ್ತಾರೆ. ಇಬ್ಬರಿಗೂ ಸಂಗೀತ ತಮಗೆಂದೇ ಹೊಸೆದಂತೆ ಕೇಳಬೇಕು. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸತೇನಲ್ಲ. ವೇಷಧಾರಿಯ ಕುಣಿತ ಮುಗಿಯುವ ತನಕ ಭಾಗವತರು ಪದ್ಯದ ಸಾಲನ್ನು ಮತ್ತೆ ಮತ್ತೆ ಎತ್ತುತ್ತಾರೆ, ಕಣ್ಣು ಅವರ ಹೆಜ್ಜೆಯ ಮೇಲೇ ಇರುತ್ತದೆ. ಗೇಮ್ ನಡೆಯುವಾಗ ಹಾಗೆ ನೋಡುತ್ತಾ ಕೂರುವ ಸಂಗೀತಗಾರರು ಯಾರೂ ಇರುವುದಿಲ್ಲ. ಆಡುವವರು ಏನೇನು ಮಾಡಬಹುದು ಎಂದು ಮೊದಲೇ ಯೋಚಿಸಿ, ಅದಕ್ಕೆಲ್ಲ ಉತ್ತರ ಬರೆದಿಟ್ಟಿರಬೇಕು.

ಜಪಾನಿನ ನಿಂಟೆಂಡೊ ಕಂಪನಿಯ ಸಂಗೀತಗಾರ ಕೊಜಿ ಕೊಂಡೊ 1985ರಲ್ಲಿ 'ಸೂಪರ್ ಮಾರಿಯೊ ಬ್ರದರ್ಸ್'ಗೆ ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಿಂಟೆಂಡೊ ಯಂತ್ರದ ಚಿಪ್‌ನಲ್ಲಿ ಐದೇ ಚಾನೆಲ್, ಅಂದರೆ ಒಂದು ಸಲಕ್ಕೆ ಒಂದೊಂದೇ ಸದ್ದು ಮಾಡುವ ದನಿಗಳು, ಇದ್ದವು: ರಾಗಕ್ಕೆ ಎರಡು ಪಲ್ಸ್, ಬಾಸ್‌ಗೆ (ಕೆಳಗಿನ ಸ್ವರಗಳಿಗೆ) ಒಂದು ಟ್ರಯಾಂಗಲ್, ತಾಳಕ್ಕೆ ಗರಗರ ಸದ್ದಿನ ಒಂದು ನಾಯ್ಸ್, ಜೊತೆಗೆ ಮೊದಲೇ ಮುದ್ರಿಸಿದ ಸಣ್ಣ ಸದ್ದು (ಸ್ಯಾಂಪಲ್) ನುಡಿಸುವ ಮತ್ತೊಂದು. ಟ್ರಯಾಂಗಲ್‌ಗೆ ಧ್ವನಿ ಏರಿಸುವ, ಇಳಿಸುವ ಸೌಲಭ್ಯವೇ ಇಲ್ಲ. ನುಡಿಯುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಮಾರಿಯೊ ಜಿಗಿಯುವ, ನಾಣ್ಯ ಹೆಕ್ಕುವ ಸದ್ದೂ ಇದೇ ಪಲ್ಸ್ ಚಾನೆಲ್‌ಗಳಿಂದಲೇ ಬರಬೇಕು. ಅಂದರೆ ನೀವು ಜಿಗಿದ ಆ ಕ್ಷಣ ಹಾಡಿನ ಒಂದು ದನಿ ಬಿಟ್ಟುಹೋಗುತ್ತದೆ, ಸದ್ದು ಮುಗಿದ ಮೇಲೆ ಮರಳಿ ಸೇರಿಕೊಳ್ಳುತ್ತದೆ. ಹಾಗೆ ದನಿ ತಪ್ಪುತ್ತಿದ್ದರೂ ಟ್ಯೂನ್ ಕುಂಟುವುದಿಲ್ಲ. ಬಾಸ್ ಮತ್ತು ನಾಯ್ಸ್‌ನ ತಾಳ ಅದನ್ನು ಎತ್ತಿ ಹಿಡಿದಿರುತ್ತವೆ. ಉಳಿದ ಸಮಯ ಎಣಿಸುವ ಗೇಮ್‌ನ ಗಡಿಯಾರ 100ಕ್ಕಿಂತ ಕೆಳಗಿಳಿದರೆ ಅದೇ ಹಾಡು ಓಡತೊಡಗುತ್ತದೆ, ನಮ್ಮ ಬೆರಳೂ ಜೊತೆಗೆ ಓಡುತ್ತದೆ.

ಹದಿಮೂರು ವರ್ಷಗಳ ಬಳಿಕ, 1998ರ 'ಜೆಲ್ಡಾ: ಒಕರಿನಾ ಆಫ್ ಟೈಮ್'ನಲ್ಲಿ, ಕೊಂಡೊ ಇನ್ನೂ ಮುಂದೆ ಹೋದರು. ಆ ಗೇಮ್‌ನ ಹೈರೂಲ್ ಎಂಬ ಬಯಲನ್ನು ಆಡುವವರು ಮತ್ತೆ ಮತ್ತೆ ದಾಟಲೇಬೇಕು. ಒಂದೇ ಹಾಡು ಸುತ್ತಿದರೆ ತಲೆ ಚಿಟ್ಟು ಹಿಡಿಯುತ್ತದೆ. ಹಾಗಾಗಿ ಅವರು ಎಂಟೆಂಟು ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಸುತ್ತು) ಹಲವು ತುಣುಕು ಬರೆದರು. ಯಾವುದರ ಹಿಂದೆ ಯಾವುದು ಬಂದರೂ ಕೂಡಿಕೊಳ್ಳುತ್ತದೆ, ಕ್ರಮವನ್ನು ಯಂತ್ರ ಆಯ್ಕೆ ಮಾಡುತ್ತದೆ. ನಿಂತರೆ ಶಾಂತ ತುಣುಕುಗಳು, ಶತ್ರು ಬಂದರೆ ಬಿರುಸಾದವು. ಎಲ್ಲ ದಿಕ್ಕಿಗೂ ಬಾಗಿಲಿರುವ ಟ್ಯೂನ್ ಬರೆಯುವುದು ಸುಂದರ ಟ್ಯೂನ್ ಬರೆಯುವುದಕ್ಕಿಂತ ಕಷ್ಟ. ಇದಕ್ಕೂ ಮೊದಲೇ, 1991ರ 'ಮಂಕಿ ಐಲ್ಯಾಂಡ್ 2'ರಲ್ಲಿ, ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಾಗ ವಾದ್ಯ ಬದಲಾದರೂ ಹಾಡು ಕಡಿಯದಂತೆ ಮಾಡುವ ವ್ಯವಸ್ಥೆಯನ್ನೇ ಕಟ್ಟಿದ್ದರು.

ಇಂದಿಗೂ ನಮ್ಮ ಹೆಚ್ಚಿನ ಹೊತ್ತು ಹೋಗುವುದು ಇಂಥ ಕೂಡುಜಾಗಗಳ ಮೇಲೆಯೇ. ಕಾಳಗ ಶುರುವಾಯಿತು ಅನ್ನಿ. ನಡೆಯುತ್ತಿರುವ ಹಾಡಿನ ಮೇಲೆ ಸೇರಬೇಕಾದ ಡ್ರಮ್ ಪದರ ಮುಂದಿನ ಬಾರ್‌ಗೆ ಕಾಯಬೇಕೆ, ಈಗಲೇ ನುಗ್ಗಬೇಕೆ? ನಿಮಿಷಕ್ಕೆ 90 ಪೆಟ್ಟಿನ ಲಯದಲ್ಲಿ ನಾಲ್ಕು ಪೆಟ್ಟಿನ ಒಂದು ಬಾರ್‌ಗೆ ಎರಡೂವರೆ ಸೆಕೆಂಡಿಗೂ ಹೆಚ್ಚು ಬೇಕು. ಕತ್ತಿ ಬೀಸಲು ಅಷ್ಟು ಹೊತ್ತು ಬೇಡ. ಕಾದರೆ ಸಂಗೀತ ತಡವಾಗುತ್ತದೆ, ನುಗ್ಗಿದರೆ ತಾಳ ಮುರಿಯುತ್ತದೆ. ನಾನು ಬಹಳ ಸಲ ಮಾಡುವುದು ಹೀಗೆ: ತಾಳಕ್ಕೆ ಅಂಟದ ಒಂದು ಆಳವಾದ ಪೆಟ್ಟನ್ನು ತಕ್ಷಣ ಕೊಟ್ಟು, ಅದರ ಗುಂಗು ಇಳಿಯುವುದರೊಳಗೆ ಬಾರ್ ಮುಗಿಯಲು ಬಿಟ್ಟು, ಮೊದಲ ಪೆಟ್ಟಿಗೆ ಸರಿಯಾಗಿ ಡ್ರಮ್ ಎತ್ತುತ್ತೇನೆ. ಕೇಳುವವರಿಗೆ ಕಾದದ್ದೇ ಗೊತ್ತಾಗಬಾರದು.

ಇದಾವುದೂ ಆಲ್ಬಂನಲ್ಲಿ ಕೇಳಿಸುವುದಿಲ್ಲ. ಆಲ್ಬಂ ಎಂದರೆ ಯಾರೋ ಒಂದು ಕ್ರಮವನ್ನು ಆರಿಸಿ ಗಟ್ಟಿ ಮಾಡಿದ ಪ್ರತಿ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಮಾರಿಯೊ ಹಾಡನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ದಾಖಲೆಗೆ ಸೇರಿಸಿತು. ಗೇಮ್ ಸಂಗೀತಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು, ನನಗೆ ಅಪಾರ ಸಂತೋಷವಾಯಿತು. ಆದರೆ ಧ್ವನಿಮುದ್ರಣದಲ್ಲಿ ಜಿಗಿತಕ್ಕೆ ಜಾಗ ಬಿಡುವ ದನಿ ಇರುವುದಿಲ್ಲ. ಅದು ಉಳಿಯಬೇಕಾದರೆ ಗೇಮೇ ಓಡುತ್ತಿರಬೇಕು. ಅದೇ ವರ್ಷ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲಿಲ್ಲ. ಅವುಗಳ ಹಾಡು ಅಂತರ್ಜಾಲದಲ್ಲಿ ಸಿಗಬಹುದು. ಆಡುವವರಿಗೆ ಆ ಹಾಡು ಕೊಡುತ್ತಿದ್ದ ಉತ್ತರ ಸಿಗುವುದಿಲ್ಲ. ಹಳೆಯ ಗೇಮ್‌ಗಳನ್ನು ಓಡುವ ಸ್ಥಿತಿಯಲ್ಲಿ ಇಡುವ ಕೆಲಸಕ್ಕೆ ಸಂಗೀತಗಾರರಾದ ನಾವೇ ಮೊದಲು ದನಿ ಎತ್ತಬೇಕು.