ಒಂದೇ ಮನೆಗೆ ಎಂಟು ಸಲ: ತಿಂಗಳ ಸರ್ವೆ ನಡೆಯುವ ಬಗೆ

ಜನಗಣತಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ. ಕೆಲಸ ಇಲ್ಲದವರು ಹೋದ ತಿಂಗಳಿಗಿಂತ ಜಾಸ್ತಿಯಾದರಾ ಎಂದು ತಿಳಿಯಲು ಅಷ್ಟು ಕಾಲ ಕಾಯಲಾಗದು, ಅಲ್ವಾ? ಅದಕ್ಕೇ ಸರ್ಕಾರಗಳು ಕೆಲವು ಮನೆಗಳನ್ನು ಆರಿಸಿಕೊಂಡು, ನಿಲ್ಲಿಸದೆ ಕೇಳುತ್ತಲೇ ಇರುತ್ತವೆ.

ಪ್ರತಿ ತಿಂಗಳೂ ಹೊಸ ಮನೆಗಳನ್ನೇ ಕೇಳಿದರೆ ಒಂದು ತೊಡಕಿದೆ. ಅಂಕಿ ಬದಲಾದದ್ದು ಕೆಲಸ ಹೋದದ್ದರಿಂದಲೋ, ಉತ್ತರ ಕೊಟ್ಟವರೇ ಬೇರೆಯಾದದ್ದರಿಂದಲೋ? ಹೇಳುವುದು ಕಷ್ಟ. ಹಾಗಂತ ಒಂದೇ ಮನೆಯ ಬಾಗಿಲು ವರ್ಷಗಟ್ಟಲೆ ತಟ್ಟಿದರೆ ಅವರಿಗೆ ಸಾಕಾಗಿಹೋಗುತ್ತದೆ.

ಅಮೆರಿಕದ ಕರೆಂಟ್ ಪಾಪ್ಯುಲೇಷನ್ ಸರ್ವೆ (ಅಲ್ಲಿನ ನಿರುದ್ಯೋಗದ ಅಂಕಿ ಬರುವುದು ಇದರಿಂದಲೇ) ನಡುವಿನ ದಾರಿ ಹಿಡಿದಿದೆ. ತಿಂಗಳಿಗೆ ಸುಮಾರು 60,000 ಮನೆ. ಒಂದು ಮನೆ ಜನವರಿಯಲ್ಲಿ ಸೇರಿತು ಅನ್ನಿ. ಏಪ್ರಿಲ್‌ವರೆಗೆ ನಾಲ್ಕು ತಿಂಗಳು ಪ್ರಶ್ನೆ, ಆಮೇಲೆ ಎಂಟು ತಿಂಗಳು ಬಿಡುವು, ಮುಂದಿನ ಜನವರಿಯಿಂದ ಏಪ್ರಿಲ್‌ವರೆಗೆ ಮತ್ತೆ ಪ್ರಶ್ನೆ. ಅಲ್ಲಿಗೆ ಮುಗಿಯಿತು. ಹೀಗೆ ತಿಂಗಳಿಗೊಂದು ಹೊಸ ಗುಂಪಿನ ಮನೆಗಳು ಸೇರುತ್ತವೆ, ಯಾವ ತಿಂಗಳಲ್ಲಿ ನೋಡಿದರೂ ಎಂಟು ಗುಂಪು ಉತ್ತರಿಸುತ್ತಿರುತ್ತವೆ. ಈ ಬಿಡುವು ಯಾಕೆ ಎಂಬುದು ನನಗೆ ಬಹಳ ದಿನ ಹೊಳೆದಿರಲಿಲ್ಲ. ಸುಮ್ನೆ ಒಂದು ಹಾಳೆಯಲ್ಲಿ ಆ ಎಂಟು ಗುಂಪು ಬರೆದು, ತಿಂಗಳಿಗೊಂದು ಹೆಜ್ಜೆ ಸರಿಸಿ ನೋಡಿ. ಹೋದ ತಿಂಗಳ ಗುಂಪುಗಳಲ್ಲಿ ಆರು ಈ ತಿಂಗಳೂ ಇರುತ್ತವೆ, ಅಂದರೆ 75%. ಹೋದ ವರ್ಷ ಇದೇ ತಿಂಗಳಲ್ಲಿದ್ದವು ನಾಲ್ಕು, ಅಂದರೆ 50%. ಜನವರಿಯನ್ನು ಜನವರಿಗೇ ಹೋಲಿಸಬಹುದು.

ಭಾರತದಲ್ಲಿ ಕೆಲಸ, ನಿರುದ್ಯೋಗ ಅಳೆಯುವ ಸರ್ಕಾರಿ ಸರ್ವೆ ಪಿಎಲ್‌ಎಫ್‌ಎಸ್ 2025ರ ಜನವರಿಯಿಂದ ತಿಂಗಳ ಅಂಕಿಗೆ ಬಂದಿದೆ. ಇಲ್ಲಿ ಒಂದು ಮನೆಗೆ ಸತತ ನಾಲ್ಕು ತಿಂಗಳು ಹೋಗುತ್ತಾರೆ, ಅಷ್ಟೆ. ವರ್ಷ ಬಿಟ್ಟು ಅದೇ ಮನೆಗೆ ಬರುವ ಏರ್ಪಾಡಿಲ್ಲ.

ಓದುವವರು ಎಡವುವ ಜಾಗ ಒಂದಿದೆ. ಅಮೆರಿಕದ ಸರ್ವೆ ಆರಿಸುವುದು ವಿಳಾಸವನ್ನು, ಕುಟುಂಬವನ್ನಲ್ಲ. ಇದ್ದವರು ಮನೆ ಬಿಟ್ಟು ಹೋದರೆ, ಹೊಸದಾಗಿ ಬಂದವರನ್ನು ಕೇಳುತ್ತಾರೆ. ಹೋದವರನ್ನು ಹುಡುಕಿಕೊಂಡು ಹೋಗುವುದಿಲ್ಲ.

ಇನ್ನೊಂದು ವಿಚಿತ್ರ. ಮೊದಲ ಸಲ ಉತ್ತರಿಸುವ ಗುಂಪಿನಲ್ಲಿ ನಿರುದ್ಯೋಗ ಉಳಿದ ಗುಂಪುಗಳಿಗಿಂತ ಜಾಸ್ತಿ ಕಾಣುತ್ತದೆ. ಪ್ರಶ್ನೆಗಳು ಅವೇ, ತಿಂಗಳೂ ಅದೇ. ಇದಕ್ಕೆ ರೊಟೇಷನ್ ಗ್ರೂಪ್ ಬಯಾಸ್ ಎಂಬ ಹೆಸರಿದೆ. ಹೆಸರಿಟ್ಟ ಮಾತ್ರಕ್ಕೆ ಕಾರಣ ಪೂರ್ತಿ ಬಗೆಹರಿದಿಲ್ಲ.

ನಿಜವಾದ ತಲೆನೋವು ಬಾಗಿಲು ತೆರೆಯದ ಮನೆಗಳದ್ದು. ಉತ್ತರ ಕೊಟ್ಟವರಿಗೆ ಹೆಚ್ಚು ತೂಕ ಕೊಟ್ಟು, ಅಂದರೆ ಅವರ ಒಂದು ಉತ್ತರವನ್ನು ಕೊಡದವರ ಪಾಲಿಗೂ ಸೇರಿಸಿ ಎಣಿಸಿ, ಲೆಕ್ಕ ಸರಿದೂಗಿಸುತ್ತಾರೆ. ಆದರೆ ಕೊಡದವರು ಕೊಟ್ಟವರ ಹಾಗೇ ಇದ್ದಾರೆ ಎಂಬ ನಂಬಿಕೆಯ ಮೇಲೆ ಆ ತೂಕ ನಿಂತಿದೆ. ಬ್ರಿಟನ್ನಿನ ಲೇಬರ್ ಫೋರ್ಸ್ ಸರ್ವೆಯಲ್ಲಿ ಉತ್ತರಿಸುವವರು ಎಷ್ಟು ಕಡಿಮೆಯಾದರೆಂದರೆ, 2023ರ ಅಕ್ಟೋಬರ್‌ನಲ್ಲಿ ಅದರ ಅಂಕಿಗಳ ಪ್ರಕಟಣೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.