ಅಗ್ಗದ ಮಾನಿಟರ್, ಅಗ್ಗದ ಜಿಪಿಎಸ್: ಡಬ್ಬದ ಮೇಲೆ ಬರೆಯದೇ ಇರುವುದನ್ನು ನೋಡಿ

ನಕ್ಷೆ ಮಾಡುವ ಕೆಲಸಕ್ಕೆ ಎರಡು ಸಾಮಾನು ಬೇಕೇ ಬೇಕು. ಹೊರಗೆ ಓಡಾಡಿ ಗುರುತು ಹಾಕಿಕೊಳ್ಳಲು ಕೈಯಲ್ಲಿ ಹಿಡಿಯುವ ಜಿಪಿಎಸ್ ರಿಸೀವರ್. ವಾಪಸ್ ಬಂದು ಕೂತು ಆ ಗುರುತುಗಳನ್ನೆಲ್ಲ ಜೋಡಿಸಲು ಒಂದು ಮಾನಿಟರ್. ಇವೆರಡನ್ನೂ ಕಡಿಮೆ ದುಡ್ಡಿನಲ್ಲಿ ಹೊಂದಿಸಿಕೊಡುವುದು ನನ್ನ ಕೆಲಸದ ಒಂದು ಭಾಗ. ಹೊಸಬರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಯಾವ ಮಾಡೆಲ್ ತಗೊಳ್ಳಲಿ?’

ಮಾಡೆಲ್‌ಗಳ ಹೆಸರು ಹೇಳಿ ಉಪಯೋಗವಿಲ್ಲ, ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಗೊತ್ತಿರಬೇಕಾದ ಸಂಗತಿ ಬೇರೆ. ಅಗ್ಗದ ಸಾಮಾನಿನಲ್ಲಿ ತಯಾರಕರು ಖರ್ಚು ಉಳಿಸುವುದು ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿ ಚೆನ್ನಾಗಿಯೇ ಇರುತ್ತದೆ. ಕೈ ಕಚ್ಚುವುದು ಅಚ್ಚಾಗದೇ ಉಳಿದದ್ದು.

ಮೊದಲು ಮಾನಿಟರ್. ಎಲ್ಲರೂ ನೋಡುವುದು ಇಂಚು. ಆದರೆ ಇಂಚಿನ ಜೊತೆ ಚುಕ್ಕಿಗಳ ಲೆಕ್ಕವನ್ನೂ ನೋಡದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಇದೇ ಚುಕ್ಕಿಗಳು 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92ರಂತೆ ಕೂರುತ್ತವೆ, 27 ಇಂಚಿನದರಲ್ಲಿ 82ಕ್ಕೆ ಇಳಿಯುತ್ತವೆ. ದೊಡ್ಡ ಪರದೆ ಅಗ್ಗಕ್ಕೆ ಸಿಕ್ಕಿತು ಎಂದು ತಂದರೆ ಅದರಲ್ಲಿ ಒಂದು ಸಾಲೂ ಜಾಸ್ತಿ ಕಾಣುವುದಿಲ್ಲ. ಅದೇ ಅಕ್ಷರ ಊದಿಕೊಂಡು ಕಾಣುತ್ತದೆ, ಅಂಚು ಒರಟಾಗುತ್ತದೆ. ಕಣ್ಣು ಸ್ವಲ್ಪ ಮಂದ, ಅಕ್ಷರ ದೊಡ್ಡದಾಗಿಯೇ ಬೇಕು ಅನ್ನುವವರಿಗೆ ಇದು ಅನುಕೂಲವೇ. ಉಳಿದವರು 27 ಇಂಚು ಕೊಳ್ಳುವುದಾದರೆ 2560 ಅಡ್ಡ 1440 ಉದ್ದದ್ದನ್ನು ಕೊಳ್ಳಬೇಕು, ಆಗ ಇಂಚಿಗೆ 109 ಚುಕ್ಕಿ ಬರುತ್ತದೆ. ದುಡ್ಡು ಅಷ್ಟು ಇಲ್ಲವಾ? ಹಾಗಾದರೆ 24 ಇಂಚಿನ ಫುಲ್ ಎಚ್‌ಡಿಯೇ ಸರಿ. ದಿನವಿಡೀ ಅಕ್ಷರ, ಗೆರೆ, ಪಟ್ಟಿ ನೋಡುವವರಿಗೆ ಅದಕ್ಕಿಂತ ಒಳ್ಳೆಯ ಉಳಿತಾಯ ನನಗೆ ಕಂಡಿಲ್ಲ.

ಆಮೇಲೆ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪದರ. ಅದರಲ್ಲಿ ಸಾಮಾನ್ಯವಾಗಿ ಸಿಗುವುದು ಟಿಎನ್, ಐಪಿಎಸ್, ವಿಎ ಎಂಬ ಬಗೆಗಳು. ಟಿಎನ್ ಪ್ಯಾನೆಲ್ಲಿನ ಎದುರು ಕೂತು ತಲೆ ಸ್ವಲ್ಪ ತಗ್ಗಿಸಿ ನೋಡಿ. ಪರದೆಯ ಮೇಲ್ಭಾಗದ ಬಣ್ಣವೂ ಕೆಳಭಾಗದ ಬಣ್ಣವೂ ಬೇರೆ ಬೇರೆ ಕಾಣುತ್ತದೆ. ನಕ್ಷೆಯಲ್ಲಿ ತಿಳಿಹಸಿರು ಒಂದು ಅರ್ಥ ಕೊಡುತ್ತದೆ, ತಿಳಿಹಳದಿ ಇನ್ನೊಂದು ಅರ್ಥ ಕೊಡುತ್ತದೆ. ಅಲ್ಲಿ ಇದು ನಡೆಯುವುದಿಲ್ಲ. ಐಪಿಎಸ್‌ನಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ನಿಲ್ಲುತ್ತದೆ, ಆದರೆ ಕಪ್ಪು ಅಷ್ಟು ಗಾಢವಲ್ಲ. ಅದರ ಕಾಂಟ್ರಾಸ್ಟ್, ಅಂದರೆ ಬಿಳಿಯ ಬೆಳಕಿಗೂ ಕಪ್ಪಿನ ಬೆಳಕಿಗೂ ಇರುವ ಅನುಪಾತ, ಸುಮಾರು 1000ಕ್ಕೆ 1. ವಿಎ ಪ್ಯಾನೆಲ್ಲಿನಲ್ಲಿ 3000ಕ್ಕೆ 1ರ ಆಸುಪಾಸು ಸಿಗುತ್ತದೆ, ಕತ್ತಲೆ ಕೋಣೆಯಲ್ಲಿ ಸಿನಿಮಾ ನೋಡಲು ಚೆನ್ನ. ಆದರೆ ಅಗ್ಗದ ವಿಎಯಲ್ಲಿ ಕಪ್ಪು ಹಿನ್ನೆಲೆಯ ಪುಟವನ್ನು ಸರಿಸಿದರೆ ಅಕ್ಷರಗಳ ಹಿಂದೆ ಮಸಿ ಎಳೆದಂತೆ ಬಾಲ ಬರುತ್ತದೆ. ಕಚೇರಿ ಕೆಲಸಕ್ಕೆ ನಾನು ಐಪಿಎಸ್ಸನ್ನೇ ಹೇಳುತ್ತೇನೆ.

ಕೆಲವು ಅಂಕಿಗಳನ್ನು ಓದದೆ ಬಿಡುವುದೇ ಕ್ಷೇಮ. ಡೈನಮಿಕ್ ಕಾಂಟ್ರಾಸ್ಟ್ ಹತ್ತು ಲಕ್ಷಕ್ಕೆ ಒಂದು ಎಂದು ಬರೆದಿದ್ದರೆ ಅದು ಹಿಂಬದಿಯ ದೀಪವನ್ನೇ ಪೂರ್ತಿ ತಗ್ಗಿಸಿ ಅಳೆದ ಲೆಕ್ಕ. ಒಂದೇ ಚಿತ್ರದೊಳಗೆ ಅಷ್ಟು ವ್ಯತ್ಯಾಸ ಬರುವುದಿಲ್ಲ. ಪರದೆಯ ಚಿತ್ರ ಎಷ್ಟು ಬೇಗ ಬದಲಾಗುತ್ತದೆ ಎಂದು ಹೇಳುವ ‘1 ಎಂಎಸ್’ (ಮಿಲಿಸೆಕೆಂಡ್) ಎಂಬುದು ಎಷ್ಟೋ ಸಲ ದೀಪವನ್ನು ಬೇಗ ಬೇಗ ಆರಿಸಿ ಹೊತ್ತಿಸಿ ಪಡೆದದ್ದು, ಆ ಸೆಟ್ಟಿಂಗ್ ಹಾಕಿದರೆ ಪರದೆಯ ಬೆಳಕೇ ತಗ್ಗುತ್ತದೆ. ‘ಎಚ್‌ಡಿಆರ್’ (ತೀರಾ ಬೆಳಕನ್ನೂ ತೀರಾ ಕತ್ತಲನ್ನೂ ಒಂದೇ ಚಿತ್ರದಲ್ಲಿ ತೋರಿಸುವ ವಿಧಾನ) ಎಂಬ ಗುರುತಿನದೂ ಇದೇ ಕಥೆ. ಅಗ್ಗದ ಮಾನಿಟರ್ ಆ ಸಿಗ್ನಲ್ಲನ್ನು ತೆಗೆದುಕೊಳ್ಳುತ್ತದೆ ಅಷ್ಟೇ. ಅದನ್ನು ಸರಿಯಾಗಿ ತೋರಿಸಲು ಪರದೆಯ ಒಂದೊಂದು ಭಾಗದ ದೀಪವನ್ನು ಬೇರೆ ಬೇರೆಯಾಗಿ ತಗ್ಗಿಸುವ ವ್ಯವಸ್ಥೆ ಬೇಕು. ಅದು ಈ ಬೆಲೆಯಲ್ಲಿ ಸಿಗುವುದಿಲ್ಲ.

ನಾನು ಬಿಟ್ಟುಕೊಡದ ವಿಷಯ ಸ್ಟ್ಯಾಂಡ್. ಅಗ್ಗದ ಮಾನಿಟರ್‌ಗಳ ಸ್ಟ್ಯಾಂಡ್ ಸ್ವಲ್ಪ ಹಿಂದಕ್ಕೆ ಮುಂದಕ್ಕೆ ವಾಲುತ್ತದೆ, ಮೇಲೆ ಕೆಳಗೆ ಆಗುವುದಿಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರಬೇಕು. ಅದಕ್ಕಿಂತ ತುಂಬಾ ತಗ್ಗಿದ್ದರೆ ಕತ್ತು ಬಗ್ಗಿಸಿಯೇ ಕೂರಬೇಕಾಗುತ್ತದೆ, ಸಂಜೆಗೆ ಭುಜ ಹಿಡಿದುಕೊಳ್ಳುತ್ತದೆ. ಎತ್ತರ ಹೊಂದಿಸುವ ಸ್ಟ್ಯಾಂಡ್ ಇಲ್ಲದಿದ್ದರೂ ಪರವಾಗಿಲ್ಲ, ಹಿಂಬದಿಯಲ್ಲಿ ವೇಸಾ ತೂತುಗಳಿವೆಯಾ ನೋಡಿ. ಚೌಕದ ನಾಲ್ಕು ತೂತು, ಒಂದರಿಂದ ಒಂದಕ್ಕೆ 100 ಅಥವಾ 75 ಮಿಲಿಮೀಟರ್. ಅವಿದ್ದರೆ ಮುಂದೆ ಯಾವಾಗ ಬೇಕಾದರೂ ಮಾನಿಟರನ್ನು ಎತ್ತಿ ಹಿಡಿಯುವ ಒಂದು ತೋಳು ಹಾಕಿಸಬಹುದು. ತೀರಾ ಅಗ್ಗದ ಮಾಡೆಲ್‌ಗಳಲ್ಲಿ ಆ ತೂತುಗಳನ್ನೇ ಬಿಟ್ಟುಬಿಡುತ್ತಾರೆ.

ಇನ್ನೊಂದು ಕಾಣದ ಸಂಗತಿ ಮಿಣುಕು. ಬೆಳಕು ತಗ್ಗಿಸಿದಾಗ ಕೆಲವು ಮಾನಿಟರ್‌ಗಳು ದೀಪವನ್ನು ನಿಜವಾಗಿ ಮಂದ ಮಾಡುವುದಿಲ್ಲ, ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಕೆಲವರಿಗೆ ಇದರಿಂದಲೇ ಕಣ್ಣು ಉರಿ, ತಲೆನೋವು. ಪತ್ತೆ ಮಾಡುವುದು ಸುಲಭ. ಪರದೆಯ ಪೂರ್ತಿ ಬಿಳಿ ಬಣ್ಣ ತುಂಬಿಸಿ, ಬೆಳಕನ್ನು ಕಾಲು ಭಾಗಕ್ಕೆ ಇಳಿಸಿ. ಫೋನಿನ ಕ್ಯಾಮೆರಾದಲ್ಲಿ ಶಟರ್ ವೇಗ ಜಾಸ್ತಿ ಇಟ್ಟು ನೋಡಿ. ದಪ್ಪ ಕಪ್ಪು ಪಟ್ಟೆಗಳು ಕಂಡರೆ ಮಿಣುಕು ಇದೆ ಎಂದರ್ಥ. ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು, ಸಂಕೋಚ ಬೇಡ.

ಸಣ್ಣ ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳಬಹುದಾ ಎಂದು ಬಹಳ ಜನ ಕೇಳುತ್ತಾರೆ. ಕೆಲವು ಟಿವಿಗಳಲ್ಲಿ ಆಗುತ್ತದೆ, ಹಲವದರಲ್ಲಿ ಆಗುವುದಿಲ್ಲ. ಟಿವಿ ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸಿ ತೋರಿಸುವುದುಂಟು. ಸಿನಿಮಾದಲ್ಲಿ ಇದು ತಿಳಿಯದು, ಅಕ್ಷರದಲ್ಲಿ ತಕ್ಷಣ ತಿಳಿಯುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಬರೆದು ನೋಡಿ. ಅಂಚು ಕಲೆಸಿಹೋದಂತೆ ಕಂಡರೆ ಸೆಟ್ಟಿಂಗ್‌ನಲ್ಲಿ ‘ಪಿಸಿ’ ಮೋಡ್ ಹಾಕಿ ಮತ್ತೆ ನೋಡಿ. ಆಗಲೂ ಸರಿಹೋಗದಿದ್ದರೆ ಅದು ಟಿವಿಯಾಗಿಯೇ ಇರಲಿ.

4ಕೆ, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿ ಇರುವ ಪರದೆ ಕೊಳ್ಳುವವರು ಕೇಬಲ್ ಚುಚ್ಚುವ ಕಿಂಡಿಗಳ ಕಡೆಯೂ ಗಮನ ಕೊಡಬೇಕು. ಎಚ್‌ಡಿಎಂಐ 1.4 ಮಾತ್ರ ಇರುವ ಹಳೆಯ ಕಂಪ್ಯೂಟರ್‌ನಿಂದ 4ಕೆ ಚಿತ್ರ ಸೆಕೆಂಡಿಗೆ 30 ಸಲ ಬರುತ್ತದೆ, ಮೌಸ್ ಎಳೆದಂತೆ ಆಡುತ್ತದೆ. 60 ಬೇಕಾದರೆ ಎರಡೂ ಕಡೆ 2.0 ಅಥವಾ ಡಿಸ್‌ಪ್ಲೇಪೋರ್ಟ್ ಇರಬೇಕು.

ಕಚೇರಿಗಳು ಬಳಸಿ ಬಿಟ್ಟ ಮಾನಿಟರ್‌ಗಳು ರಿಪೇರಿಯಾಗಿ ಮಾರಾಟಕ್ಕೆ ಬರುತ್ತವೆ. ಅದೇ ಬೆಲೆಗೆ ಹೊಸ ಅಗ್ಗದ್ದು ಸಿಗುತ್ತಿದ್ದರೂ ನಾನು ಬಹಳ ಸಲ ಇವನ್ನೇ ಆರಿಸುತ್ತೇನೆ. ಕಚೇರಿಗೆಂದು ಮಾಡಿದ ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಸ್ಟ್ಯಾಂಡ್ ಗಟ್ಟಿ, ಪ್ಯಾನೆಲ್ ಒಳ್ಳೆಯದು. ಸವೆಯುವುದು ಹಿಂಬದಿಯ ದೀಪ. ಬೆಳಕನ್ನು ಪೂರ್ತಿ ಏರಿಸಿ ಬಿಳಿ ಪುಟ ಹಾಕಿ. ಮೂಲೆಗಳು ಹಳದಿಗಟ್ಟಿದ್ದರೆ ಬೇಡ. ಹೊಸದಾಗಲಿ ಹಳೆಯದಾಗಲಿ, ತಂದ ದಿನವೇ ಕತ್ತಲೆ ಮಾಡಿ ಕಪ್ಪು, ಬಿಳಿ, ಬೂದು ಪರದೆಗಳನ್ನು ಒಂದೊಂದಾಗಿ ನೋಡಿ. ಫುಲ್ ಎಚ್‌ಡಿಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕಿ ಇವೆ, ಒಂದೆರಡು ಸತ್ತಿದ್ದರೆ ಅದನ್ನು ದೋಷವೆಂದು ಒಪ್ಪದ ಕಂಪನಿಗಳೇ ಹೆಚ್ಚು. ವಾಪಸಾತಿಯ ಗಡುವು ಮುಗಿಯುವ ಮೊದಲೇ ನಿರ್ಧರಿಸಿ.

ಈಗ ಜಿಪಿಎಸ್‌ಗೆ ಬರೋಣ. ಮೊದಲ ಪ್ರಶ್ನೆ, ಅದು ನಿಮಗೆ ಬೇಕೇ ಬೇಕಾ? ಫೋನಿನ ಜಿಪಿಎಸ್ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ, ಸಿಗ್ನಲ್ ಬರುವುದು ಸುಮಾರು 20,200 ಕಿಲೋಮೀಟರ್ ಮೇಲಿರುವ ಉಪಗ್ರಹಗಳಿಂದ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಸಾಕು. ಬಯಲಲ್ಲಿ ಫೋನಿನ ಲೆಕ್ಕ ಸಾಮಾನ್ಯವಾಗಿ 5 ಮೀಟರ್ ಆಸುಪಾಸಿನಲ್ಲಿ ಬರುತ್ತದೆ. ಅರ್ಧ ದಿನ ತಿರುಗಾಡಿ ಮನೆಗೆ ಬರುವವರು ಸುಮ್ನೆ ದುಡ್ಡು ಹಾಕಬೇಡಿ. ದಿನಗಟ್ಟಲೆ ಕರೆಂಟಿಲ್ಲದ ಕಡೆ ಇರುವವರಿಗೆ, ಮಳೆಯಲ್ಲಿ, ಒದ್ದೆ ಕೈಯಲ್ಲಿ, ಸುಡು ಬಿಸಿಲಲ್ಲಿ ಕೆಲಸ ಮಾಡುವವರಿಗೆ ಪ್ರತ್ಯೇಕ ರಿಸೀವರ್ ಬೇಕು.

ಅದರ ಪರದೆ ಮಾನಿಟರ್‌ನಂತಲ್ಲ. ಮಾನಿಟರ್ ತನ್ನ ಹಿಂದಿನ ದೀಪದಿಂದಲೇ ಬೆಳಗಬೇಕು. ಒಳ್ಳೆಯ ಹೊರಾಂಗಣ ರಿಸೀವರ್‌ನ ಪರದೆ ಮೇಲೆ ಬಿದ್ದ ಬಿಸಿಲನ್ನೇ ವಾಪಸ್ ಎಸೆದು ಅಕ್ಷರ ತೋರಿಸುತ್ತದೆ. ಬಿಸಿಲು ಏರಿದಷ್ಟೂ ಸ್ಪಷ್ಟ, ಬ್ಯಾಟರಿಯೂ ಉಳಿಯುತ್ತದೆ. ಅಂಗಡಿಯೊಳಗೆ ಮಾತ್ರ ಇದು ಮಂಕಾಗಿ ಕಾಣುತ್ತದೆ, ಪಕ್ಕದಲ್ಲಿ ಫೋನಿನಂತೆ ಹೊಳೆಯುವುದನ್ನು ನೋಡಿದವರು ಅದನ್ನೇ ಎತ್ತಿಕೊಳ್ಳುತ್ತಾರೆ. ಎರಡನ್ನೂ ಬಿಸಿಲಿಗೆ ಒಯ್ದು, ದೀಪ ಆರಿಸಿ ನೋಡಿ. ಆಮೇಲೆ ಒಂದನ್ನು ಆಯ್ದುಕೊಳ್ಳಿ.

ಎಷ್ಟು ಉಪಗ್ರಹ ಹಿಡಿಯುತ್ತದೆ ಎಂಬ ಅಂಕಿಗೆ ಮರುಳಾಗಬೇಡಿ. ಸ್ಥಾನ ತಿಳಿಯಲು ನಾಲ್ಕು ಸಾಕು, ಜಾಸ್ತಿ ಇದ್ದರೆ ಒಳ್ಳೆಯದೇ. ಜಿಪಿಎಸ್‌ನಂಥದ್ದೇ ಬೇರೆ ಉಪಗ್ರಹ ವ್ಯವಸ್ಥೆಗಳಾದ ಗ್ಲೋನಾಸ್, ಗೆಲಿಲಿಯೋ, ಬೈದೋ ಕೂಡ ಹಿಡಿಯುವ ರಿಸೀವರ್ ಈಗ ಕಡಿಮೆ ಬೆಲೆಗೂ ಸಿಗುತ್ತದೆ. ನಿಜವಾದ ವ್ಯತ್ಯಾಸ ಇರುವುದು ಎಷ್ಟು ಬ್ಯಾಂಡ್, ಅಂದರೆ ಎಷ್ಟು ಆವರ್ತನದ ಸಿಗ್ನಲ್ ಕೇಳುತ್ತದೆ ಎಂಬಲ್ಲಿ. ಮಾಮೂಲಿ ರಿಸೀವರ್ 1575.42 ಮೆಗಾಹರ್ಟ್ಸ್‌ನ ಎಲ್1 ಒಂದನ್ನೇ ಕೇಳುತ್ತದೆ. ಎರಡು ಬ್ಯಾಂಡಿನದು 1176.45 ಮೆಗಾಹರ್ಟ್ಸ್‌ನ ಎಲ್5 ಅನ್ನೂ ಕೇಳುತ್ತದೆ. ಮೇಲಿನ ವಾತಾವರಣದಲ್ಲಿ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ತಡವಾಗುವುದರಿಂದ ಆ ತಪ್ಪನ್ನು ಲೆಕ್ಕ ಹಾಕಿ ಕಳೆಯಬಹುದು. ಬಂಡೆಗೋ ಗೋಡೆಗೋ ಬಡಿದು ಬಂದ ಸಿಗ್ನಲ್ಲನ್ನೂ ಎಲ್5ರಲ್ಲಿ ಹೆಚ್ಚು ಚೆನ್ನಾಗಿ ಬೇರೆ ಮಾಡಬಹುದು. ದಟ್ಟ ಮರ, ಕಣಿವೆ, ಎತ್ತರದ ಕಟ್ಟಡಗಳ ನಡುವೆ ಕೆಲಸವಿದ್ದರೆ ಈ ಹೆಚ್ಚುವರಿ ಬೆಲೆ ಕೊಡಿ. ಬಯಲಿನ ಕೆಲಸಕ್ಕೆ ಒಂದು ಬ್ಯಾಂಡ್ ಸಾಕು.

ಪರದೆಯ ಮೇಲೆ ‘±3 ಮೀ’ ಎಂದು ತೋರಿಸುತ್ತದಲ್ಲ, ಅದು ಗ್ಯಾರಂಟಿ ಅಲ್ಲ. ರಿಸೀವರ್ ತಾನೇ ಮಾಡಿಕೊಂಡ ಅಂದಾಜು. ನಿಜ ತಿಳಿಯಬೇಕಾದರೆ ನೆಲದ ಮೇಲೆ ಅಲುಗಾಡದ ಒಂದು ಗುರುತು ಹುಡುಕಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಾರನೆಯ ದಿನ ಅಲ್ಲೇ ನಿಂತು ಒಂದೊಂದು ಬಿಂದು ಉಳಿಸಿ. ಆ ಬಿಂದುಗಳು ಎಷ್ಟು ಚದುರಿವೆ ಎಂಬುದೇ ನಿಮ್ಮ ಕೈಯಲ್ಲಿರುವ ಯಂತ್ರದ ಮೇಲೆ ಇಡಬಹುದಾದ ನಂಬಿಕೆಯ ಅಳತೆ. ಕೆಲವರು ಇಂಥ ರಿಸೀವರ್ ಹಿಡಿದು ಜಾಗದ ಗಡಿ ಅಳೆಯಲು ಹೊರಡುತ್ತಾರೆ. ದಯವಿಟ್ಟು ಬೇಡ. 30 ಮೀಟರ್ ಚೌಕದ ಜಾಗ 900 ಚದರ ಮೀಟರ್. ಪ್ರತಿ ಬದಿಯಲ್ಲೂ 3 ಮೀಟರ್ ಜಾಸ್ತಿ ಬಂದರೆ 1089 ಆಗುತ್ತದೆ, ಕಡಿಮೆ ಬಂದರೆ 729. ಇಂಥ ಅಳತೆ ನಂಬಿ ಬೇಲಿ ಹಾಕಿದರೆ ಅಕ್ಕಪಕ್ಕದವರ ನಡುವೆ ಜಗಳ ತಪ್ಪದು.

ಹಿಡಿಯುವ ರೀತಿಯೂ ಮುಖ್ಯ. ಚಪ್ಪಟೆ ಆಂಟೆನಾ ಇರುವುದನ್ನು ಆಕಾಶಕ್ಕೆ ಮುಖ ಮಾಡಿ ಅಂಗೈ ಮೇಲೆ ಮಲಗಿಸಿದಂತೆ ಹಿಡಿಯಬೇಕು. ಮೇಲೆ ದಪ್ಪ ಕೋಲಿನಂಥ ಆಂಟೆನಾ ಇದ್ದರೆ ನೆಟ್ಟಗೆ ಹಿಡಿಯಬೇಕು. ಜೇಬಿನಲ್ಲಿಟ್ಟು ನಡೆದರೆ ದೇಹವೇ ಅರ್ಧ ಆಕಾಶ ಮುಚ್ಚುತ್ತದೆ.

ತೀರಾ ಅಗ್ಗದವುಗಳಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇರುವುದಿಲ್ಲ. ಅಂಥದ್ದು ನೀವು ನಡೆಯುತ್ತಿದ್ದರೆ ಮಾತ್ರ ದಿಕ್ಕು ಸರಿಯಾಗಿ ತೋರಿಸುತ್ತದೆ, ನಿಂತರೆ ಬಾಣ ಎತ್ತೆತ್ತಲೋ ತಿರುಗುತ್ತದೆ. ದಾರಿ ತಪ್ಪಿ ನಿಂತವರಿಗೆ ದಿಕ್ಕು ಬೇಕಾಗುವುದು ನಿಂತಾಗಲೇ ಅಲ್ವಾ? ಇದಕ್ಕೆ ಸ್ವಲ್ಪ ಹೆಚ್ಚು ಕೊಡಬಹುದು. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬಾರೋಮೀಟರ್ ಬೆಟ್ಟ ಹತ್ತುವವರಿಗೆ ಉಪಯೋಗ. ಅದನ್ನೂ ಎತ್ತರ ಗೊತ್ತಿರುವ ಜಾಗದಲ್ಲಿ ಆಗಾಗ ಸರಿಪಡಿಸಿಕೊಳ್ಳಬೇಕು, ಹವಾಮಾನ ಬದಲಾದರೆ ಅಂಕಿಯೂ ಜಾರುತ್ತದೆ.

ಬ್ಯಾಟರಿ ವಿಚಾರದಲ್ಲಿ ನನ್ನ ಒಲವು ಎಎ ಸೆಲ್ ಹಾಕುವ ಮಾಡೆಲ್‌ಗಳ ಕಡೆಗೆ. ಒಳಗೇ ಕೂರಿಸಿದ ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತದೆ, ಆಮೇಲೆ ಇಡೀ ಯಂತ್ರವೇ ಮೂಲೆ ಸೇರುತ್ತದೆ. ಎಎ ಆದರೆ ಇನ್ನೆರಡು ಜೇಬಿನಲ್ಲಿದ್ದರೆ ಮುಗಿಯಿತು. ಚಾರ್ಜ್ ಮಾಡುವ ಸೆಲ್ ಹಾಕಿದರೆ ಸೆಟ್ಟಿಂಗ್‌ನಲ್ಲಿ ಅದನ್ನು ತಿಳಿಸಿ. ಅದು 1.2 ವೋಲ್ಟ್, ಮಾಮೂಲಿ ಸೆಲ್ 1.5. ತಿಳಿಸದಿದ್ದರೆ ತುಂಬಿದ ಸೆಲ್ಲನ್ನೂ ಅರ್ಧ ಖಾಲಿ ಎಂದು ತೋರಿಸುತ್ತದೆ. ನೀರಿನ ಮಟ್ಟಿಗೆ ಐಪಿಎಕ್ಸ್7 ಗುರುತು ಸಾಕು, ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ. ಆದರೆ ಆ ‘ಎಕ್ಸ್’ ಇರುವುದು ಧೂಳಿನ ಜಾಗದಲ್ಲಿ, ಧೂಳಿಗೆ ಯಾವ ದರ್ಜೆಯನ್ನೂ ಕೊಟ್ಟಿಲ್ಲ ಎಂದು.

ಬಿಂದುಗಳನ್ನು ನಕ್ಷೆಯ ತಂತ್ರಾಂಶಗಳು ಓದಬಲ್ಲ ಜಿಪಿಎಕ್ಸ್ ಫೈಲ್ ಆಗಿ ಹೊರಗೆ ತೆಗೆಯಲು ಬರುತ್ತದಾ ಎಂದು ಕೊಳ್ಳುವ ಮೊದಲೇ ಕೇಳಿ. ಬರದಿದ್ದರೆ ಅಂಕಿಗಳನ್ನು ಕೈಯಲ್ಲಿ ಬರೆದುಕೊಳ್ಳಬೇಕಾಗುತ್ತದೆ, ತಪ್ಪು ಹುಟ್ಟುವುದೇ ಅಲ್ಲಿ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ 45 ಡಿಗ್ರಿ 30 ನಿಮಿಷ ಅಂದರೆ 45.5. ಅದನ್ನು 45.30 ಎಂದು ಬರೆದುಕೊಂಡರೆ ಅಕ್ಷಾಂಶದಲ್ಲಿ ಸುಮಾರು 22 ಕಿಲೋಮೀಟರ್ ದೂರ ಹೋಗಿ ಬೀಳುತ್ತೀರಿ. ಎಷ್ಟು ದುಬಾರಿ ರಿಸೀವರ್ ಇದ್ದರೂ ಇದರಿಂದ ಕಾಪಾಡುವುದಿಲ್ಲ.

ಹಳೆಯ ರಿಸೀವರ್ ಕೊಳ್ಳುವುದಾದರೆ ಬಯಲಿಗೆ ಒಯ್ದು ಆನ್ ಮಾಡಿ, ಸಮಯ ಕೊಡಿ. ತಿಂಗಳುಗಟ್ಟಲೆ ಆಫ್ ಆಗಿದ್ದದ್ದು ಉಪಗ್ರಹಗಳ ಪೂರ್ತಿ ಪಟ್ಟಿಯನ್ನು ಆಕಾಶದಿಂದಲೇ ಇಳಿಸಿಕೊಳ್ಳಬೇಕು, ಅದಕ್ಕೆ 12.5 ನಿಮಿಷ ಹಿಡಿಯುತ್ತದೆ. ಐದು ನಿಮಿಷಕ್ಕೆ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು, ಒಡೆದ ರಬ್ಬರ್ ಗುಂಡಿ, ಕಿತ್ತುಹೋದ ಯುಎಸ್‌ಬಿ ಮುಚ್ಚಳ ಇವೆಯಾ ನೋಡಿ. ಕೊನೆಗೆ ತಾರೀಕು ನೋಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ. 1999ರ ಆಗಸ್ಟ್‌ನಲ್ಲಿ ಒಮ್ಮೆ, 2019ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೀಗಾಯಿತು. ಮುಂದಿನದು 2038ರ ನವೆಂಬರ್‌ನಲ್ಲಿ. ಇದಕ್ಕೆ ತಯಾರಿಲ್ಲದ ಹಳೆಯ ಯಂತ್ರಗಳು ಸ್ಥಾನವನ್ನು ಸರಿಯಾಗಿ ಹೇಳಿದರೂ ತಾರೀಕನ್ನು ಹತ್ತೊಂಬತ್ತು ವರ್ಷಕ್ಕಿಂತಲೂ ಹಿಂದಕ್ಕೆ ತೋರಿಸುತ್ತವೆ. ನೀವು ನಡೆದ ಜಾಡುಗಳೆಲ್ಲ ತಪ್ಪು ದಿನದಲ್ಲಿ ಹೋಗಿ ಕೂರುತ್ತವೆ. ತಾರೀಕು ತಪ್ಪಿದ್ದರೆ ಆ ಮಾಡೆಲ್‌ಗೆ ಕಂಪನಿ ಹೊಸ ಫರ್ಮ್‌ವೇರ್ (ಯಂತ್ರದೊಳಗಿನ ತಂತ್ರಾಂಶ) ಕೊಟ್ಟಿದೆಯಾ ಎಂದು ಮಾರುವವರ ಎದುರೇ ಹುಡುಕಿ. ಕೊಟ್ಟಿದ್ದರೆ ಅಲ್ಲೇ ಹಾಕಿಸಿ ನೋಡಿ, ಸರಿಹೋದರೆ ದುಡ್ಡು ಕೊಡಿ.