ಪ್ಯಾರಿಷ್ ಕೂಸುಗಳು: ಇಡಿಗಂಟು ಮತ್ತು ವಾರದ ಕೂಲಿ

ಇಂಗ್ಲೆಂಡಿನ ದಿಕ್ಕಿಲ್ಲದ ಮಕ್ಕಳ ಪಾಲನೆಯ ಚರ್ಚೆ ‘ಸಂಸ್ಥೆಯೋ, ಸಾಕುಮನೆಯೋ’ ಎಂಬಲ್ಲಿಗೆ ಬಂದು ನಿಲ್ಲುವುದು ವಾಡಿಕೆ. ಹಳೆಯ ಕಾಯ್ದೆಗಳನ್ನು ನೋಡಿದರೆ, ಸಾಕುವವರಿಗೆ ಹಣ ಯಾವ ಬಗೆಯಲ್ಲಿ ಸಲ್ಲುತ್ತಿತ್ತು ಎಂಬುದೇ ಹೆಚ್ಚು ತೂಕದ ಪ್ರಶ್ನೆಯೆನಿಸುತ್ತದೆ. 1601ರ ಬಡವರ ಕಾಯ್ದೆ ಇಂಥ ಮಕ್ಕಳ ಹೊಣೆಯನ್ನು ಪ್ಯಾರಿಷ್‌ಗೆ, ಎಂದರೆ ಚರ್ಚಿನ ಎಲ್ಲೆಯೊಳಗಿನ ಸ್ಥಳೀಯ ಆಡಳಿತಕ್ಕೆ, ವಹಿಸಿತ್ತು. ಮದುವೆಯಾಚೆ ಹುಟ್ಟಿದ ಕೂಸಿನ ತಂದೆಯಿಂದ ಪ್ಯಾರಿಷ್ ಇಡಿಗಂಟು ಪಡೆದು ಲೆಕ್ಕ ಚುಕ್ತಾ ಮಾಡುವ ರೂಢಿ ಲಂಡನ್ನಿನಲ್ಲಿತ್ತು. ಕೂಸು ಬೇಗ ಸತ್ತಷ್ಟೂ ಗಂಟು ಉಳಿಯುತ್ತಿತ್ತು.

ಹಡಗಿನ ಕಪ್ತಾನನಾಗಿದ್ದ ಥಾಮಸ್ ಕೋರಮ್ 1739ರಲ್ಲಿ ರಾಜಸನ್ನದು ಪಡೆದು ಸ್ಥಾಪಿಸಿದ ಫೌಂಡ್ಲಿಂಗ್ ಹಾಸ್ಪಿಟಲ್, ಎಂದರೆ ಹೆತ್ತವರು ಸಾಕಲಾಗದೆ ಬಿಟ್ಟ ಕೂಸುಗಳ ಆಶ್ರಯಮನೆ, 1741ರಲ್ಲಿ ಕೂಸುಗಳನ್ನು ತೆಗೆದುಕೊಳ್ಳತೊಡಗಿತು. ಅವು ಹಳ್ಳಿಯ ದಾದಿಯರ ಮಡಿಲಿಗೆ ಹೋಗಿ, ಐದು ವರ್ಷದ ಹೊತ್ತಿಗೆ ಮರಳುತ್ತಿದ್ದವು. ಮುಂದೆಂದಾದರೂ ತಾಯಿ ಕೇಳಿಕೊಂಡು ಬಂದರೆ ಗುರುತು ಸಿಗಲೆಂದು ದಾಖಲೆಯ ಚೀಟಿಗೆ ಬಟ್ಟೆಯ ಚೂರೊಂದನ್ನು ಗುಂಡುಸೂಜಿಯಿಂದ ಚುಚ್ಚಿಡುತ್ತಿದ್ದರು. 1756ರಲ್ಲಿ ಸಂಸತ್ತು ಅನುದಾನ ಕೊಟ್ಟು, ಬಂದ ಕೂಸನ್ನೆಲ್ಲ ಸೇರಿಸಿಕೊಳ್ಳಬೇಕೆಂದಿತು. ಗೇಟಿನಲ್ಲಿ ಬುಟ್ಟಿ ತೂಗುಹಾಕಲಾಯಿತು. ಕೂಸನ್ನು ಅದರಲ್ಲಿಟ್ಟು ಗಂಟೆ ಬಾರಿಸಿದರೆ ಆಯಿತು. 1760ರ ಹೊತ್ತಿಗೆ ಸುಮಾರು 15,000 ಕೂಸುಗಳು ಬಂದವು, ಮೂರರಲ್ಲಿ ಎರಡು ಪಾಲು ಬದುಕಲಿಲ್ಲ. ಕರುಣೆಯ ಕೊರತೆ ಇದಕ್ಕೆ ಕಾರಣವೆನ್ನಲಾಗದು. ಅಷ್ಟು ದಾದಿಯರನ್ನು ಹೊಂದಿಸುವುದೇ ಅಸಾಧ್ಯವಾಗಿತ್ತು.

ಅದೇ ಸಂಸ್ಥೆಯ ಆಡಳಿತದಲ್ಲಿದ್ದ ವರ್ತಕ ಜೋನಾಸ್ ಹ್ಯಾನ್ವೇ ವರ್ಕ್‌ಹೌಸ್‌ಗಳಲ್ಲಿ, ಎಂದರೆ ಪ್ಯಾರಿಷ್ ಬಡವರನ್ನಿರಿಸಿ ದುಡಿಸುತ್ತಿದ್ದ ಮನೆಗಳಲ್ಲಿ, ಸಾಯುತ್ತಿದ್ದ ಕೂಸುಗಳ ಲೆಕ್ಕ ಹಿಡಿದು ಕೂತರು. ಅವರ ಒತ್ತಾಯದಿಂದ ಬಂದ 1762ರ ಕಾಯ್ದೆ ಪ್ಯಾರಿಷ್ ಕೂಸುಗಳ ನೋಂದಣಿ ಪುಸ್ತಕವನ್ನು ಕಡ್ಡಾಯ ಮಾಡಿತು. 1767ರ ಕಾಯ್ದೆ ಆರು ವರ್ಷದೊಳಗಿನವರನ್ನು ಲಂಡನ್ನಿನಿಂದ ಕನಿಷ್ಠ ಮೂರು ಮೈಲಿ ಆಚೆಯ ದಾದಿಯರಲ್ಲಿಗೆ ಕಳಿಸಬೇಕೆಂದಿತು. ವಾರಕ್ಕೆ ಕನಿಷ್ಠ 2 ಷಿಲ್ಲಿಂಗ್ 6 ಪೆನ್ಸ್ ಕೂಲಿ, ಹಸುಗೂಸನ್ನು ವರ್ಷದವರೆಗೆ ಉಳಿಸಿಕೊಂಡವಳಿಗೆ 10 ಷಿಲ್ಲಿಂಗ್ ಇನಾಮು. ಕೂಸು ಉಸಿರಾಡುವಷ್ಟು ದಿನ ಮಾತ್ರ ಕೂಲಿ ಎಂಬ ಈ ಸರಳ ಲೆಕ್ಕಾಚಾರ ಅನೇಕ ಉಪದೇಶಗಳಿಗಿಂತ ಹೆಚ್ಚು ಕೆಲಸ ಮಾಡುವಂಥದ್ದು.

ಆ ಪಾಠ ಉಳಿಯಲಿಲ್ಲ. 1834ರ ಹೊಸ ಕಾಯ್ದೆ ಮದುವೆಯಾಗದ ತಾಯಿಯ ಮೇಲೆಯೇ ಹೊರೆ ಹೇರಿತು. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಇಡಿಗಂಟಿಗೆ ಮಕ್ಕಳನ್ನು ಪಡೆಯುವ ಖಾಸಗಿ ದಂಧೆ ಬೆಳೆಯಿತು. 1870ರಲ್ಲಿ ತಬ್ಬಲಿಗಳನ್ನು ದೂರದ ಸಾಕುಮನೆಗಳಿಗೆ ಕಳಿಸಲು ಸರ್ಕಾರಿ ನಿಯಮಗಳು ಬಂದವು. ಒಂದು ವರ್ಷದೊಳಗಿನ ಒಂದಕ್ಕಿಂತ ಹೆಚ್ಚು ಕೂಸುಗಳನ್ನು ಹಣಕ್ಕೆ ಸಾಕುವವರು ನೋಂದಾಯಿಸಿಕೊಳ್ಳಬೇಕೆಂದು 1872ರ ಕಾಯ್ದೆ ಹೇಳಿತು. 20 ಪೌಂಡಿಗೆ ಮೀರದ ಇಡಿಗಂಟಿಗೆ ಎಳೆಗೂಸನ್ನು ಪಡೆದವರು ಸ್ಥಳೀಯ ಆಡಳಿತಕ್ಕೆ ತಿಳಿಸಬೇಕೆಂಬ ಕಟ್ಟಳೆ ಬಂದದ್ದು 1897ರಲ್ಲಿ. ವಾರದ ಕೂಲಿಗೆ ಒಂದೇ ಮಗುವನ್ನು ಸಾಕುವ ಮನೆಯ ಬಾಗಿಲಿಗೆ ತಪಾಸಣಾಧಿಕಾರಿ ಬರಲು 1908ರವರೆಗೆ ಕಾಯಬೇಕಾಯಿತು.